ಹಾಲು ಆರುವ ಗೆರೆಯನ್ನು ಎಕ್ಸೆಲ್‌ಗೆ ಹೇಳಿಕೊಡುವುದು ಹೇಗೆ?

ಪ್ರಶ್ನೆ: ನಾನು ಮನೆಯಲ್ಲೇ ಮೊಸರು ಮಾಡಿ ಹತ್ತಿರದ ಅಂಗಡಿಗಳಿಗೆ ಕೊಡುತ್ತೇನೆ. ಕಾಯಿಸಿದ ಹಾಲು 43 ಡಿಗ್ರಿಗೆ ಇಳಿದಾಗ ಹೆಪ್ಪು ಹಾಕುತ್ತೇನೆ. ಅದು ಎಷ್ಟು ಹೊತ್ತಿಗೆ ಇಳಿಯುತ್ತದೆ ಅಂತ ಮೊದಲೇ ಗೊತ್ತಾದರೆ ನಡುವೆ ಬೇರೆ ಕೆಲಸ ಮುಗಿಸಬಹುದು. ಹಾಗಾಗಿ ಒಂದು ದಿನ ಒಲೆಯಿಂದ ಇಳಿಸಿದ ಕ್ಷಣದಿಂದ 10 ನಿಮಿಷಕ್ಕೊಮ್ಮೆ ಅಳೆದೆ. ಬಂದದ್ದು 90.2, 78.6, 69.4, 62.2, 56.0, 50.7, 46.7 ಡಿಗ್ರಿ. ಎಕ್ಸೆಲ್‌ನಲ್ಲಿ ಚಾರ್ಟ್ ಮಾಡಿ ಎಕ್ಸ್‌ಪೊನೆನ್ಷಿಯಲ್ ಟ್ರೆಂಡ್‌ಲೈನ್ ಹಾಕಿದೆ. ಗೆರೆ ಅಂಕಿಗಳಿಗೆ ಎಷ್ಟು ಹೊಂದುತ್ತದೆ ಅಂತ ಹೇಳುವ ಆರ್ ಸ್ಕ್ವೇರ್ 0.994 ಬಂತು (ಪೂರ್ತಿ ಹೊಂದಿದರೆ 1). ಆ ಗೆರೆಯ ಲೆಕ್ಕದಲ್ಲಿ 65 ನಿಮಿಷಕ್ಕೆ 43 ಆಗಬೇಕಿತ್ತು. ಹೋಗಿ ನೋಡಿದರೆ ಇನ್ನೂ 45 ಇತ್ತು. ಕೋಣೆಯ ಬಿಸಿಯನ್ನೂ ಸೂತ್ರದಲ್ಲಿ ಸೇರಿಸಬೇಕು ಅಂತ ಮಗ ಹೇಳಿದ. ಅಂಥ ಸೂತ್ರ ಟ್ರೆಂಡ್‌ಲೈನ್ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ನಮ್ಮದೇ ಸೂತ್ರ ಹಾಕುವುದು ಹೇಗೆ?

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ಆ ಪಟ್ಟಿಯಲ್ಲಿ ಇರುವುದೇ ಆರು ಬಗೆ: ಎಕ್ಸ್‌ಪೊನೆನ್ಷಿಯಲ್, ಲೀನಿಯರ್, ಲಾಗರಿದ್ಮಿಕ್, ಪಾಲಿನಾಮಿಯಲ್, ಪವರ್, ಮೂವಿಂಗ್ ಆವರೇಜ್. ನಿಮ್ಮ ಹಾಲು ಇವುಗಳಲ್ಲಿ ಯಾವುದಕ್ಕೂ ಬಗ್ಗುವುದಿಲ್ಲ.

ಎಕ್ಸೆಲ್ ಹಾಕಿದ ಗೆರೆ ಸುಮಾರು 87.87 ರಿಂದ ಶುರುವಾಗಿ ಪ್ರತಿ ನಿಮಿಷವೂ ಆಗ ಇರುವ ಬಿಸಿಯ ಸುಮಾರು 0.011 ಪಾಲಿನಷ್ಟು ಇಳಿಯುತ್ತಾ ಹೋಗುತ್ತದೆ. ಎಲ್ಲಿಯವರೆಗೆ? ಸೊನ್ನೆಯವರೆಗೆ. ಈ ಬಗೆಯ ಗೆರೆಗೆ ಸೊನ್ನೆ ಬಿಟ್ಟು ಬೇರೆ ತಳವೇ ಗೊತ್ತಿಲ್ಲ. ಅದನ್ನೇ ಮೂರು ಗಂಟೆಗೆ ಎಳೆದು ನೋಡಿ, 12 ಡಿಗ್ರಿ ತೋರಿಸುತ್ತದೆ. ಅಡುಗೆಮನೆ ಕಟ್ಟೆಯ ಮೇಲಿಟ್ಟ ಹಾಲು ತಾನಾಗಿ ಫ್ರಿಜ್‌ನಲ್ಲಿಟ್ಟಷ್ಟು ತಣ್ಣಗಾಗುತ್ತದೆಯೇ? ಹಾಲು ಕೋಣೆಯ ಬಿಸಿಗೆ ಬಂದು ನಿಲ್ಲುತ್ತದೆ, ಅಷ್ಟೇ.

ಹಾಗಾದರೆ 0.994 ಬಂದದ್ದು ಹೇಗೆ ಅಂತ ಕೇಳುತ್ತೀರಿ. ನಿಮ್ಮ ಅಳತೆಯಿಂದ ಗೆರೆಯ ಲೆಕ್ಕವನ್ನು ಕಳೆದು ಸಾಲಾಗಿ ಬರೆದುಕೊಳ್ಳಿ. +2.3, −0.2, −1.2, −1.1, −0.7, −0.1, +1.1 ಬರುತ್ತದೆ. ಎರಡೂ ತುದಿಯಲ್ಲಿ ಪ್ಲಸ್, ನಡುವೆಲ್ಲಾ ಮೈನಸ್. ಥರ್ಮಾಮೀಟರ್ ಅಲ್ಲಿ ಇಲ್ಲಿ ಸ್ವಲ್ಪ ತಪ್ಪಿದ್ದರೆ ಪ್ಲಸ್ಸು ಮೈನಸ್ಸು ಚೆಲ್ಲಾಪಿಲ್ಲಿಯಾಗಿ ಬರಬೇಕಿತ್ತು. ಹೀಗೆ ಬಿಲ್ಲಿನಂತೆ ಬಾಗಿ ಬಂದರೆ ಅಳತೆ ತಪ್ಪಿಲ್ಲ, ಸೂತ್ರವೇ ತಪ್ಪು. ಒಂದೇ ಸಮನೆ ಇಳಿಯುವ ಯಾವ ಅಂಕಿಸಾಲಿಗೂ, ಇಳಿಯುವ ಯಾವ ಗೆರೆ ಹಾಕಿದರೂ ಆರ್ ಸ್ಕ್ವೇರ್ ಸಾಮಾನ್ಯವಾಗಿ ಚೆನ್ನಾಗಿಯೇ ಬರುತ್ತದೆ. ನಾನಂತೂ ಅದನ್ನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಈ ವ್ಯತ್ಯಾಸಗಳ ಸಾಲು.

ಇನ್ನೊಂದು ಸಂಗತಿ ಇದೆ. ಎಕ್ಸ್‌ಪೊನೆನ್ಷಿಯಲ್ ಟ್ರೆಂಡ್‌ಲೈನ್ ನಿಮ್ಮ ಅಂಕಿಗಳಿಗೆ ನೇರವಾಗಿ ಗೆರೆ ಹೊಂದಿಸುವುದಿಲ್ಲ. ಅವುಗಳ ಲಾಗರಿದಮ್ ತೆಗೆದು, ಅದಕ್ಕೆ ನೇರ ಗೆರೆ ಹಾಕಿ, ಮತ್ತೆ ವಾಪಸ್ ತಿರುಗಿಸುತ್ತದೆ. ಲಾಗ್ ತೆಗೆದಾಗ ದೊಡ್ಡ ಅಂಕಿಗಳ ತಪ್ಪು ಕುಗ್ಗುತ್ತದೆ, ಸಣ್ಣ ಅಂಕಿಗಳ ತಪ್ಪು ಹಿಗ್ಗುತ್ತದೆ. 90ರಲ್ಲಿ ಎರಡು ಡಿಗ್ರಿ ತಪ್ಪಿದರೂ ಅದಕ್ಕೆ ದೊಡ್ಡದಾಗಿ ಕಾಣದಿರುವುದು ಅದಕ್ಕೇ.

ಆರು ಬಗೆಯಲ್ಲಿ ಒಂದು ದೊಡ್ಡ ಆಸೆ ಹುಟ್ಟಿಸುತ್ತದೆ, ಪಾಲಿನಾಮಿಯಲ್. ಅದರಲ್ಲಿ ಆರನೇ ಡಿಗ್ರಿಯವರೆಗೂ ಏರಿಸಬಹುದು. ನಿಮ್ಮ ಹತ್ತಿರ ಇರುವುದು ಏಳು ಅಂಕಿ, ಆರನೇ ಡಿಗ್ರಿಯ ಪಾಲಿನಾಮಿಯಲ್‌ಗೂ ಏಳು ಕೈ, ಅಂದರೆ ಬೇಕಾದ ಹಾಗೆ ಹೊಂದಿಸಬಹುದಾದ ಏಳು ಸಂಖ್ಯೆ. ಹಾಗಾಗಿ ಅದು ಏಳೂ ಚುಕ್ಕೆಗಳನ್ನು ಮುಟ್ಟಿಕೊಂಡೇ ಹೋಗುತ್ತದೆ, ಆರ್ ಸ್ಕ್ವೇರ್ ಸರಿಯಾಗಿ 1. ಇನ್ನೇನು ಬೇಕು ಅನ್ನಿಸುತ್ತದೆ, ಅಲ್ವಾ? ಅದೇ ಗೆರೆಯನ್ನು ಮುಂದಕ್ಕೆ ಎಳೆಯಿರಿ. 80 ನಿಮಿಷಕ್ಕೆ 31 ಡಿಗ್ರಿ ಅನ್ನುತ್ತದೆ. 90 ನಿಮಿಷಕ್ಕೆ ಸೊನ್ನೆಗಿಂತ 7.6 ಡಿಗ್ರಿ ಕೆಳಗೆ. ಮೊಸರು ಮಾಡಲು ಹೊರಟು ಐಸ್‌ಕ್ರೀಮ್ ಆಯಿತು! ನಾನು ನಗುತ್ತಿದ್ದೇನೆ, ಆದರೆ ಓದುವ ಕಾಲದಲ್ಲಿ ಲ್ಯಾಬ್ ರೆಕಾರ್ಡ್‌ನಲ್ಲಿ ಇದೇ ಕೆಲಸ ಮಾಡಿ, ಪೂರ್ತಿ ಮಾರ್ಕ್ಸ್ ಬರುತ್ತದೆ ಅಂತ ಕಾದು ಕೂತವನು ನಾನೂ ಹೌದು.

ಈಗ ನಿಮ್ಮ ಸೂತ್ರಕ್ಕೆ ಬರೋಣ. ಬಿಸಿ ವಸ್ತು ಆರುವ ವೇಗ, ಅದಕ್ಕೂ ಸುತ್ತಲಿನ ಗಾಳಿಗೂ ಇರುವ ಬಿಸಿಯ ಅಂತರಕ್ಕೆ ತಕ್ಕಂತೆ ಇರುತ್ತದೆ. ಇದನ್ನು ನ್ಯೂಟನ್ 1701ರಲ್ಲಿ, ತನ್ನ ಹೆಸರನ್ನೂ ಹಾಕದೆ, ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ಲೆಕ್ಕದ ರೂಪದಲ್ಲಿ ಹೀಗೆ:

ಬಿಸಿ = ಕೋಣೆ + ಅಂತರ × ಇ^(−ವೇಗ × ನಿಮಿಷ)

'ಇ' ಅಂದರೆ 2.718ರ ಹತ್ತಿರದ ಒಂದು ಸ್ಥಿರ ಸಂಖ್ಯೆ. 'ಕೋಣೆ' ಅಂದರೆ ಕೋಣೆಯ ಬಿಸಿ. 'ಅಂತರ' ಅಂದರೆ ಶುರುವಿನಲ್ಲಿ ಹಾಲು ಕೋಣೆಗಿಂತ ಎಷ್ಟು ಡಿಗ್ರಿ ಜಾಸ್ತಿ ಇತ್ತು ಅನ್ನುವುದು. 'ವೇಗ' ನಿಮ್ಮ ಪಾತ್ರೆ, ಹಾಲಿನ ಪ್ರಮಾಣ, ಗಾಳಿ ಇವುಗಳ ಮೇಲೆ ನಿಂತಿದೆ. ಈ ಮೂರು ಸಂಖ್ಯೆ ಹುಡುಕಿದರೆ ಕೆಲಸ ಮುಗಿಯಿತು.

ಕೋಣೆಯ ಬಿಸಿ ಅಳೆದಿದ್ದರೆ ಸುಲಭದ ದಾರಿಯೊಂದಿದೆ. ಆವತ್ತು 28 ಡಿಗ್ರಿ ಇತ್ತು ಅಂತಿಟ್ಟುಕೊಳ್ಳಿ. ಪ್ರತಿ ಅಂಕಿಯಿಂದಲೂ 28 ಕಳೆದು ಹೊಸ ಕಾಲಂ ಮಾಡಿ: 62.2, 50.6, 41.4 ಹೀಗೆ. ಆ ಕಾಲಂಗೆ ಅದೇ ಹಳೆಯ ಎಕ್ಸ್‌ಪೊನೆನ್ಷಿಯಲ್ ಟ್ರೆಂಡ್‌ಲೈನ್ ಹಾಕಿ. ಈಗ ತಳ ನಿಜವಾಗಿಯೂ ಸೊನ್ನೆ, ಹಾಗಾಗಿ ಗೆರೆ ಸರಿಯಾಗಿ ಕೂರುತ್ತದೆ. ಅಂತರ 62.03, ವೇಗ 0.0200 ಬರುತ್ತದೆ. 43 ಡಿಗ್ರಿಗೆ 71 ನಿಮಿಷ. ನಿಮ್ಮ ಕೆಲಸಕ್ಕೆ ಇಷ್ಟೇ ಸಾಕು ಅಂತಲೂ ಹೇಳಬಹುದು. ಆದರೆ ನೀವು ಕೇಳಿದ್ದು ಯಾವ ಸೂತ್ರವನ್ನಾದರೂ ಹಾಕುವ ದಾರಿ. ಅದಕ್ಕೆ ಸಾಲ್ವರ್ ಬೇಕು, ಅಂದರೆ ತಪ್ಪು ಅತಿ ಕಡಿಮೆಯಾಗುವ ಸಂಖ್ಯೆಗಳನ್ನು ತಾನೇ ಹುಡುಕಿಕೊಡುವ ಸಾಧನ.

ಮುಂದೆ ಬರುವ ಸೆಲ್ ಹೆಸರು, ಫಂಕ್ಷನ್ ಹೆಸರುಗಳನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಶೀಟ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ.

ಎ2 ರಿಂದ ಎ8 ರವರೆಗೆ ನಿಮಿಷ, ಬಿ2 ರಿಂದ ಬಿ8 ರವರೆಗೆ ನೀವು ಅಳೆದ ಬಿಸಿ. ಪಕ್ಕದಲ್ಲಿ ಎಫ್1 ಕೋಣೆ, ಎಫ್2 ಅಂತರ, ಎಫ್3 ವೇಗ. ಈ ಮೂರರಲ್ಲೂ ಸದ್ಯಕ್ಕೆ ಅಂದಾಜಿನ ಅಂಕಿ ಹಾಕಿ: 25, 65, 0.01. ಸಿ2 ರಲ್ಲಿ ಸೂತ್ರ:

=$ಎಫ್$1+$ಎಫ್$2*ಇಎಕ್ಸ್‌ಪಿ(-$ಎಫ್$3*ಎ2)

ಇದನ್ನು ಸಿ8 ರವರೆಗೆ ಎಳೆಯಿರಿ. ಡಾಲರ್ ಗುರುತು ಮರೆತರೆ ಎಳೆದಾಗ ಎಫ್1 ಹೋಗಿ ಎಫ್2 ಆಗುತ್ತದೆ, ಲೆಕ್ಕವೆಲ್ಲ ಕೆಡುತ್ತದೆ. ಎಫ್5 ರಲ್ಲಿ ಒಟ್ಟು ತಪ್ಪು:

=ಸಮ್‌ಎಕ್ಸ್‌ಎಂವೈ2(ಬಿ2:ಬಿ8,ಸಿ2:ಸಿ8)

ಹೆಸರು ವಿಚಿತ್ರವಾಗಿದ್ದರೂ ಕೆಲಸ ಸರಳ. ಎರಡು ಕಾಲಂಗಳ ವ್ಯತ್ಯಾಸ ತೆಗೆದು, ವರ್ಗ ಮಾಡಿ, ಎಲ್ಲ ಕೂಡಿಸುತ್ತದೆ. ವರ್ಗ ಯಾಕೆ ಅಂದರೆ, ಸುಮ್ನೆ ಕೂಡಿಸಿದರೆ ಪ್ಲಸ್ಸು ಮೈನಸ್ಸು ಹೊಡೆದುಹೋಗಿ ತಪ್ಪೇ ಇಲ್ಲ ಅನ್ನುವಂತೆ ಕಾಣುತ್ತದೆ. 1805ರಲ್ಲಿ ಫ್ರಾನ್ಸಿನ ಗಣಿತಜ್ಞ ಲೆಜೆಂಡ್ರ್ ಧೂಮಕೇತುಗಳ ದಾರಿ ಲೆಕ್ಕ ಹಾಕಲು ಅಚ್ಚು ಹಾಕಿಸಿದ ಉಪಾಯ ಇದೇ. ಆಮೇಲೆ ಜರ್ಮನಿಯ ಗಣಿತಜ್ಞ ಗೌಸ್ ಬಂದು, ನಾನಿದನ್ನು 1795ರಿಂದಲೇ ಬಳಸುತ್ತಿದ್ದೇನೆ ಅಂದ. ಇಬ್ಬರಿಗೂ ಜಗಳ ಹತ್ತಿಕೊಂಡಿತು.

ಈಗ ಸಾಲ್ವರ್. ಅದು ಎಕ್ಸೆಲ್ ಜೊತೆಗೇ ಬರುತ್ತದೆ, ಆದರೆ ಮಲಗಿರುತ್ತದೆ. ವಿಂಡೋಸ್‌ನಲ್ಲಿ ಫೈಲ್, ಆಪ್ಷನ್ಸ್, ಆಡ್-ಇನ್ಸ್ ಹೀಗೆ ಹೋಗಿ, ಕೆಳಗಿನ 'ಗೋ' ಒತ್ತಿ, ಸಾಲ್ವರ್ ಆಡ್-ಇನ್‌ಗೆ ಟಿಕ್ ಹಾಕಿ. ಆಮೇಲೆ ಡೇಟಾ ಟ್ಯಾಬ್‌ನ ಬಲತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. ತೆರೆದು, ಗುರಿಯ ಸೆಲ್ ಎಫ್5, ಅದನ್ನು 'ಮಿನ್' ಮಾಡು, ಬದಲಿಸಬೇಕಾದ ಸೆಲ್‌ಗಳು ಎಫ್1 ರಿಂದ ಎಫ್3 ಅಂತ ಹೇಳಿ. ವಿಧಾನ 'ಜಿಆರ್‌ಜಿ ನಾನ್‌ಲೀನಿಯರ್' ಇರಲಿ. ಸಾಲ್ವ್ ಒತ್ತಿ.

ನಿಮ್ಮ ಅಂಕಿಗಳಿಗೆ ಕೋಣೆ 28.5, ಅಂತರ 61.5, ವೇಗ 0.0203ರ ಹತ್ತಿರ ಬರಬೇಕು. ಒಟ್ಟು ತಪ್ಪು ಸುಮಾರು 0.14. ಸಾಲ್ವರ್‌ಗೆ ಕೋಣೆಯ ಬಿಸಿ ಎಷ್ಟು ಅಂತ ನೀವು ಹೇಳಲೇ ಇಲ್ಲ, ಗಮನಿಸಿ. ಗೆರೆ ಬಾಗಿರುವ ರೀತಿಯಿಂದಲೇ ಅದು ಹಿಡಿಯಿತು. ವ್ಯತ್ಯಾಸಗಳ ಸಾಲು ಈಗ +0.1, −0.2, −0.2, +0.2, +0.1, −0.1, −0.05 ಆಸುಪಾಸು. ಎಲ್ಲವೂ ಚಿಕ್ಕವು, ಬಿಲ್ಲಿನ ಆಕಾರವೂ ಇಲ್ಲ. ಇನ್ನೂ ಒಳ್ಳೆಯ ಪರೀಕ್ಷೆ ನಿಮ್ಮ ಪ್ರಶ್ನೆಯಲ್ಲೇ ಇದೆ. 65 ನಿಮಿಷಕ್ಕೆ 45 ಡಿಗ್ರಿ ಇತ್ತು ಅಂದಿರಿ. ಆ ಅಂಕಿಯನ್ನು ನಾವು ಲೆಕ್ಕಕ್ಕೆ ಕೊಟ್ಟೇ ಇಲ್ಲ. ಸೂತ್ರಕ್ಕೆ 65 ಹಾಕಿದರೆ 44.97 ಬರುತ್ತದೆ.

ಸಾಲ್ವರ್ ಜೊತೆ ಜನ ಜಗಳವಾಡುವುದು ಎರಡು ಮೂರು ಕಡೆ. ಮೊದಲನೆಯದು ಆರಂಭದ ಅಂದಾಜು. ಅದು ಕಣ್ಣು ಕಟ್ಟಿಕೊಂಡು ಇಳಿಜಾರು ಹುಡುಕುವವನ ಹಾಗೆ. ಕಾಲ ಕೆಳಗಿನ ನೆಲ ಯಾವ ಕಡೆ ಇಳಿದಿದೆಯೋ ಆ ಕಡೆ ಹೆಜ್ಜೆ ಇಡುತ್ತದೆ. ವೇಗಕ್ಕೆ 2 ಅಂತ ಹಾಕಿ ಶುರು ಮಾಡಿದಿರಿ ಅನ್ನಿ. 10 ನಿಮಿಷಕ್ಕೆ ಇ^(−20), ಅಂದರೆ ಹೆಚ್ಚೂಕಮ್ಮಿ ಸೊನ್ನೆ. ವೇಗವನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಿದರೂ ಏನೂ ಬದಲಾಗುವುದಿಲ್ಲ. ನೆಲ ಸಮತಟ್ಟಾಗಿದೆ, ಇದೇ ತಳ ಅಂದುಕೊಂಡು ಅದು ಅಲ್ಲೇ ಕೂತುಬಿಡುತ್ತದೆ. ವೇಗ ಸೊನ್ನೆಯಿಂದ ಶುರು ಮಾಡುವುದೂ ಒಳ್ಳೆಯದಲ್ಲ. ಆಗ ಸೂತ್ರದಲ್ಲಿ ಕೋಣೆ, ಅಂತರ ಎರಡೂ ಸುಮ್ನೆ ಕೂಡಿಕೊಂಡು ಒಂದೇ ಆಗಿರುತ್ತವೆ. ಅಂದಾಜು ಮಾಡುವುದು ಕಷ್ಟವೇನಲ್ಲ: ಚಾರ್ಟ್ ನೋಡಿ, ಅಂತರ ಅರ್ಧಕ್ಕೆ ಇಳಿಯಲು ಎಷ್ಟು ನಿಮಿಷ ಹಿಡಿಯಿತು ಅಂತ ಗುರುತಿಸಿ, 0.7 ನ್ನು ಆ ನಿಮಿಷದಿಂದ ಭಾಗಿಸಿ. ನಿಮ್ಮದರಲ್ಲಿ ಸುಮಾರು 35 ನಿಮಿಷ. 0.7 ಭಾಗಿಸು 35 ಅಂದರೆ 0.02. ಸಾಲ್ವರ್ ಬರುವ ಮೊದಲೇ ಉತ್ತರ ಬಂತು ನೋಡಿ.

ಎರಡನೆಯದು ಒಂದು ಟಿಕ್. ಸಾಲ್ವರ್ ಕಿಟಕಿಯಲ್ಲಿ, ಮಿತಿ ಹಾಕದ ಸಂಖ್ಯೆಗಳನ್ನು ಸೊನ್ನೆಗಿಂತ ಕೆಳಗೆ ಬಿಡಬೇಡ ಅನ್ನುವ ಟಿಕ್ ಮೊದಲೇ ಬಿದ್ದಿರುತ್ತದೆ. ನಿಮ್ಮ ಹಾಲಿಗೆ ಅದರಿಂದ ತೊಂದರೆಯಿಲ್ಲ. ಆದರೆ ನಾಳೆ ಫ್ರಿಜ್‌ನಿಂದ ತೆಗೆದ ಹಾಲು ಕೋಣೆಯ ಬಿಸಿಗೆ ಏರುವುದನ್ನು ಲೆಕ್ಕ ಹಾಕಿದರೆ ಅಂತರ ಮೈನಸ್ ಆಗಬೇಕು. ಟಿಕ್ ಇದ್ದರೆ ಅದು ಸೊನ್ನೆಯಲ್ಲೇ ಸಿಕ್ಕಿಕೊಂಡು, ಉತ್ತರ ಸಿಕ್ಕಿತು ಅಂತ ಧೈರ್ಯವಾಗಿ ಸುಳ್ಳು ಹೇಳುತ್ತದೆ.

ಮೂರನೆಯದು, ಒಂದು ಸಂಖ್ಯೆ 60ರ ಹತ್ತಿರ, ಇನ್ನೊಂದು 0.02. ಇಷ್ಟು ವ್ಯತ್ಯಾಸ ಇದ್ದಾಗ ಅದು ಬೇಗ ಕೈಚೆಲ್ಲುವುದುಂಟು. ಆಪ್ಷನ್ಸ್‌ನಲ್ಲಿ ಆಟೊಮ್ಯಾಟಿಕ್ ಸ್ಕೇಲಿಂಗ್ ಆನ್ ಇರಲಿ. ಉತ್ತರ ಬಂದ ಮೇಲೆ ಅಲ್ಲಿಂದಲೇ ಇನ್ನೊಮ್ಮೆ ಸಾಲ್ವ್ ಒತ್ತಿ. ಬೇರೆ ಬೇರೆ ಅಂದಾಜಿನಿಂದ ಶುರು ಮಾಡಿದರೂ ಅದೇ ಅಂಕಿ ಬಂದರೆ ನಂಬಬಹುದು.

ಇದೇ ಅಡುಗೆ ಬೇರೆ ಯಾವ ಸೂತ್ರಕ್ಕೂ ನಡೆಯುತ್ತದೆ. ಸಿ ಕಾಲಂನ ಸೂತ್ರ ಬದಲಿಸಿದರಾಯಿತು. ಗಂಟೆಯಾಕಾರದ ಗೆರೆಯ ಸೂತ್ರದಲ್ಲಿ ವರ್ಗದ ಮುಂದೆ ಮೈನಸ್ ಬರುತ್ತದೆ, ಅದನ್ನು ಹಾಕುವವರಿಗೆ ಮಾತ್ರ ಒಂದು ಎಚ್ಚರಿಕೆ: ಎಕ್ಸೆಲ್‌ನಲ್ಲಿ =-3^2 ಅಂತ ಹೊಡೆದು ನೋಡಿ. 9 ಬರುತ್ತದೆ, −9 ಅಲ್ಲ. ಅದು ಮೈನಸ್ಸನ್ನು ಮೊದಲು ಅಂಟಿಸಿ ಆಮೇಲೆ ವರ್ಗ ಮಾಡುತ್ತದೆ. ಬ್ರಾಕೆಟ್ ಹಾಕದಿದ್ದರೆ ಗಂಟೆಯ ಬದಲು ಆಕಾಶಕ್ಕೆ ಹಾರುವ ಗೆರೆ ಸಿಗುತ್ತದೆ.

ಸಾಲ್ವರ್ ಇಲ್ಲದವರೂ ಇದ್ದಾರೆ. ಫೋನಿನಲ್ಲಿ ಕೆಲಸ ಮಾಡುವವರು, ಗೂಗಲ್ ಶೀಟ್ಸ್ ಬಳಸುವವರು. ಗೂಗಲ್ ಶೀಟ್ಸ್‌ನಲ್ಲಿ ಆಡ್-ಆನ್ ಹಾಕಿಕೊಳ್ಳಬೇಕಾಗುತ್ತದೆ. ಲಿಬ್ರೆ ಆಫೀಸ್‌ನಲ್ಲಿ ಸಾಲ್ವರ್ ಇದೆ, ಆದರೆ ಅದು ತಾನಾಗಿ ನೇರ ಗೆರೆಯ ಲೆಕ್ಕಕ್ಕೇ ಹೊರಡುತ್ತದೆ. ಆಪ್ಷನ್ಸ್‌ಗೆ ಹೋಗಿ ನಾನ್‌ಲೀನಿಯರ್ ಎಂಜಿನ್ ಆರಿಸಬೇಕು. ನನಗೆ ಇವೆಲ್ಲಕ್ಕಿಂತ ಇಷ್ಟವಾದ ಉಪಾಯ ಬೇರೆ ಇದೆ. ಸಾಲ್ವರ್ ಇದ್ದರೂ ಒಮ್ಮೆ ಹೀಗೆ ಮಾಡಿ ನೋಡುತ್ತೇನೆ.

ಸೂತ್ರವನ್ನು ಇನ್ನೊಮ್ಮೆ ನೋಡಿ. ಮೂರು ಸಂಖ್ಯೆಗಳಲ್ಲಿ ನಿಜವಾಗಿ ತರಲೆ ಮಾಡುವುದು ವೇಗ ಒಂದೇ. ವೇಗ ಇಷ್ಟು ಅಂತ ಹಿಡಿದುಬಿಟ್ಟರೆ, ಇ^(−ವೇಗ × ನಿಮಿಷ) ಅನ್ನುವುದು ಬರೀ ಒಂದು ಕಾಲಂ ಅಂಕಿ. ಅದರ ಎದುರು ಬಿಸಿಯನ್ನು ಇಟ್ಟರೆ ನೇರ ಗೆರೆ! ನೇರ ಗೆರೆ ಹಾಕಲು ಯಾವ ಸ್ಪ್ರೆಡ್‌ಶೀಟಿಗೂ ಬರುತ್ತದೆ. ಹಾಗಾಗಿ ಡಿ ಕಾಲಂನಲ್ಲಿ =ಇಎಕ್ಸ್‌ಪಿ(-$ಎಫ್$3*ಎ2) ಹಾಕಿ ಎಳೆಯಿರಿ. ಎಫ್1 ರಲ್ಲಿ =ಇಂಟರ್‌ಸೆಪ್ಟ್(ಬಿ2:ಬಿ8,ಡಿ2:ಡಿ8), ಎಫ್2 ರಲ್ಲಿ ಅದೇ ಕಾಲಂಗಳಿಗೆ ಸ್ಲೋಪ್, ಎಫ್5 ರಲ್ಲಿ ಎಸ್‌ಟಿಇವೈಎಕ್ಸ್. ಕೊನೆಯದು ಚುಕ್ಕೆಗಳು ಗೆರೆಯಿಂದ ಸಾಮಾನ್ಯವಾಗಿ ಎಷ್ಟು ಡಿಗ್ರಿ ಆಚೀಚೆ ಇವೆ ಅಂತ ಹೇಳುತ್ತದೆ. ಈಗ ಎಫ್3 ಒಂದನ್ನೇ ಕೈಯಿಂದ ಬದಲಿಸುತ್ತಾ ಹೋಗಿ. ರೇಡಿಯೋ ನಾಬ್ ತಿರುಗಿಸಿ ಸ್ಟೇಷನ್ ಹಿಡಿದ ಹಾಗೆ. 0.018 ಹಾಕಿದರೆ ಎಫ್5 ಸುಮಾರು 0.37. 0.022 ಹಾಕಿದರೆ 0.28. 0.0203 ಹತ್ತಿರ 0.17, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಹೀಗೆ ತಿರುಗಿಸುವಾಗ ಸಾಲ್ವರ್ ಹೇಳದೇ ಬಿಡುವ ಸಂಗತಿಯೊಂದು ಕಾಣುತ್ತದೆ. 0.018ಕ್ಕೆ ಕೋಣೆಯ ಬಿಸಿ 24 ಬರುತ್ತದೆ, 0.022ಕ್ಕೆ 31. ಅಷ್ಟು ದೂರ ಹೋದರೂ ಗೆರೆ ಅರ್ಧ ಡಿಗ್ರಿಯೂ ಕೆಡಲಿಲ್ಲ. ಅಂದರೆ ವೇಗವೂ ಕೋಣೆಯೂ ಒಂದಕ್ಕೊಂದು ಕೈಕೊಟ್ಟು ತಪ್ಪು ಮುಚ್ಚಿಹಾಕುತ್ತವೆ. ಹಾಲು ಇನ್ನೂ 46.7 ಡಿಗ್ರಿ ಇರುವಾಗಲೇ ನೀವು ಅಳತೆ ನಿಲ್ಲಿಸಿದ್ದೀರಿ, ತಳ ಎಲ್ಲಿದೆ ಅಂತ ಅದಕ್ಕೆ ಗಟ್ಟಿಯಾಗಿ ಗೊತ್ತಾಗುವುದು ಹೇಗೆ? ಸಾಲ್ವರ್ ಕೊಟ್ಟ 28.5 ರಲ್ಲಿ ಒಂದು ಡಿಗ್ರಿ ಆಚೀಚೆ ಇದ್ದೇ ಇದೆ. 43ಕ್ಕೆ ಬೇಕಾದ ಹೊತ್ತು ಮಾತ್ರ ಅಷ್ಟು ಅಲ್ಲಾಡುವುದಿಲ್ಲ: 0.018ಕ್ಕೆ 69 ನಿಮಿಷ, 0.022ಕ್ಕೆ 73, ಸರಿಯಾದದ್ದಕ್ಕೆ 71. ಮೂರು ಗಂಟೆಯ ನಂತರದ ಬಿಸಿ ಕೇಳಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಆದ್ದರಿಂದ ಗೋಡೆಯ ಥರ್ಮಾಮೀಟರ್ ಇದ್ದರೆ ಅದನ್ನು ನೋಡಿ ಎಫ್1 ಕೈಯಿಂದಲೇ ತುಂಬಿ. ನಿಮಗೆ ಗೊತ್ತಿರುವುದನ್ನು ಸಾಲ್ವರ್ ಹತ್ತಿರ ಯಾಕೆ ಕೇಳುವುದು?

ಅಳೆಯುವ ಬಗ್ಗೆಯೂ ಒಂದು ಮಾತು. ಅಳೆಯುವ ಮುನ್ನ ಸೌಟಿನಿಂದ ಒಮ್ಮೆ ತಿರುಗಿಸಿ. ಮೇಲಿನ ಹಾಲಿಗೂ ತಳದ ಹಾಲಿಗೂ ಬಿಸಿ ಬೇರೆ ಇರುತ್ತದೆ. ಮುಚ್ಚಳ ತೆಗೆದಿಟ್ಟರೆ ಮೊದಲ ಹತ್ತು ಹದಿನೈದು ನಿಮಿಷ ಹಬೆ ಆಡಿ, ಹಾಲು ಸೂತ್ರಕ್ಕಿಂತ ಬೇಗ ಆರಬಹುದು. ಆಗ ವ್ಯತ್ಯಾಸಗಳ ಸಾಲಿನಲ್ಲಿ ಮೊದಲ ಅಂಕಿ ಮಾತ್ರ ದೊಡ್ಡ ಪ್ಲಸ್ ಬರುತ್ತದೆ. ಹಾಗೆ ಬಂದರೆ 80 ಡಿಗ್ರಿಯಿಂದ ಮೇಲಿನ ಅಂಕಿ ಬಿಟ್ಟು ಗೆರೆ ಹಾಕಿ. ನಿಮಗೆ ಬೇಕಾದದ್ದು 43ರ ಹತ್ತಿರದ್ದು ತಾನೇ. ಹಾಲು ಆರಲು ಫ್ಯಾನ್ ಹಾಕುವವರಾದರೆ ನ್ಯೂಟನ್ ನಿಮ್ಮ ಕಡೆ ಇದ್ದಾನೆ. ಅವನೂ ತನ್ನ ಕಾದ ಕಬ್ಬಿಣವನ್ನು ಒಂದೇ ಸಮ ಗಾಳಿ ಬೀಸುವ ಕಡೆ ಇಟ್ಟೇ ಅಳೆದಿದ್ದ. ಆದರೆ ಒಂದು ದಿನ ಫ್ಯಾನ್ ಹಾಕಿ, ಇನ್ನೊಂದು ದಿನ ಆರಿಸಿ, ಎರಡಕ್ಕೂ ಒಂದೇ ವೇಗ ಬಳಸಬೇಡಿ. ಪಾತ್ರೆ ಬದಲಾದರೂ ಅಷ್ಟೇ. ಪಾತ್ರೆಗೊಂದು ವೇಗ ಹುಡುಕಿ, ಶೀಟ್‌ನಲ್ಲಿ ಸಾಲಾಗಿ ಬರೆದಿಟ್ಟುಕೊಳ್ಳಿ.

ಇನ್ನು ದಿನಾ ಬೇಕಾಗುವ ಸೂತ್ರ. ಎಷ್ಟು ನಿಮಿಷ ಕಾಯಬೇಕು ಅನ್ನುವುದಕ್ಕೆ:

=ಎಲ್‌ಎನ್(ಎಫ್2/(43-ಎಫ್1))/ಎಫ್3

ಇದರಲ್ಲಿ ಎಫ್2 ಆವತ್ತಿನ ಶುರುವಿನ ಬಿಸಿಯಿಂದ ಎಫ್1 ಕಳೆದದ್ದು. ಅದೇ ಪಾತ್ರೆ, ಅದೇ ವೇಗ 0.0203, ಹಾಲು 90 ಡಿಗ್ರಿಗೆ ಇಳಿಸಿದಿರಿ ಅಂತಿಟ್ಟುಕೊಂಡರೆ, ಕೋಣೆ 20 ಡಿಗ್ರಿ ಇರುವ ಚಳಿಯ ಬೆಳಗ್ಗೆ 55 ನಿಮಿಷ ಸಾಕು. 33 ಡಿಗ್ರಿಯ ಬೇಸಿಗೆಯ ಮಧ್ಯಾಹ್ನ 86 ನಿಮಿಷ ಬೇಕು. ಏಪ್ರಿಲ್‌ನಲ್ಲಿ ಒಮ್ಮೆ ಅಳೆದು ನೋಡಿ, 86ರ ಹತ್ತಿರ ಬಾರದಿದ್ದರೆ ಆ ಅಂಕಿಗಳನ್ನು ಕಳಿಸಿ.